ಅಸ್ಸೀಸಿಯ ಕಪ್ಪು ಮುಖಗಳು ಮತ್ತು ನಿಮ್ಮ ಲೇಖನ

ಇಟಲಿಯ ಅಸ್ಸೀಸಿಯಲ್ಲಿರುವ, ಒಂದರ ಮೇಲೊಂದು ಎರಡು ಚರ್ಚುಗಳಿರುವ ಸಂತ ಫ್ರಾನ್ಸಿಸರ ಬೆಸಿಲಿಕಾ ಮತ್ತು ಮಠದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಇಸವಿಗಳು ಸರಿಯಾಗಿವೆ. ಆದರೆ ಮೂರನೇ ಪುಟದಲ್ಲಿ ಸಿಟ್ಟು ಬಂತು.

'ಮೇಲಿನ ಚರ್ಚಿನಲ್ಲಿ ಚಿಮಾಬುಯೆ ಬರೆದ ಚಿತ್ರಗಳು ಶತಮಾನಗಳ ಮೇಣದಬತ್ತಿ ಹೊಗೆಗೆ ಕಪ್ಪಾಗಿವೆ' ಅಂದಿದ್ದೀರಿ. ಯಾರು ಹೇಳಿದರು? ಹೊಗೆ ಹಿಡಿದರೆ ಇಡೀ ಗೋಡೆ ಕಪ್ಪಾಗಬೇಕು, ಅಲ್ವಾ? ಇಲ್ಲಿ ಕಪ್ಪಾಗಿರುವುದು ಬೆಳ್ಳಗಿರಬೇಕಾದ ಜಾಗಗಳೇ: ಮುಖ, ಬಟ್ಟೆಯ ಮಡಿಕೆಯ ಹೊಳಪು. ಬಿಳಿಗೆ ಬಳಸಿದ ಸೀಸದ ಬಣ್ಣ ಬರಬರುತ್ತಾ ಕಪ್ಪಾಯಿತು. ಅದಕ್ಕೇ ಯೇಸುವನ್ನು ಶಿಲುಬೆಗೇರಿಸಿದ ಚಿತ್ರ ಫೋಟೋ ನೆಗೆಟಿವ್ ತರಹ ಕಾಣುತ್ತದೆ. ನೀವೇ ಕಳಿಸಿದ ಫೋಟೋದಲ್ಲಿ ಇದು ಎದ್ದು ಕಾಣುತ್ತಿದೆ. ನೋಡದೆ ಸುಮ್ನೆ ಊಹಿಸಿ ಬರೆದಿದ್ದೀರಿ.

ಅದರ ಕೆಳಗೇ 'ಕಾಲವೇ ನಿಂತಂತಿರುವ ಭವ್ಯ ಮಂದಿರ'. ಎಲ್ಲಿ ನಿಂತಿದೆ ಸ್ವಾಮಿ? 1997ರ ಸೆಪ್ಟೆಂಬರ್ 26ರಂದು, ರಾತ್ರಿಯ ಭೂಕಂಪದಿಂದಾದ ಹಾನಿ ನೋಡಲು ಜನ ಒಳಗೆ ಹೋಗಿದ್ದಾಗ, ಮತ್ತೆ ಭೂಮಿ ನಡುಗಿ ಚಾವಣಿಯ ಭಾಗಗಳೇ ಬಿದ್ದವು. ಇಬ್ಬರು ಸನ್ಯಾಸಿಗಳೂ ಸೇರಿ ನಾಲ್ವರು ಸತ್ತರು. ಚಿಮಾಬುಯೆಯ ಸಂತ ಮತ್ತಾಯನ ಚಿತ್ರ ಚೂರುಚೂರಾಯಿತು, ಆ ಚೂರುಗಳನ್ನು ವರ್ಷಗಟ್ಟಲೆ ಕೂತು ಜೋಡಿಸಿದರು. ಇದಕ್ಕೆ ನೀವು ಕೊಟ್ಟಿದ್ದು ಅರ್ಧ ವಾಕ್ಯ. ಸೂರ್ಯಾಸ್ತಕ್ಕೆ ಎರಡು ಪ್ಯಾರಾ!

ನಾನು ವಾರಪತ್ರಿಕೆಯೊಂದರಲ್ಲಿ ಪ್ರೂಫ್ ನೋಡುತ್ತಿದ್ದ ಕಾಲದಲ್ಲಿ ಅಲ್ಲೊಬ್ಬರು ಹಿರಿಯ ಉಪಸಂಪಾದಕರಿದ್ದರು. ಯಾರಾದರೂ ದೇವಸ್ಥಾನದ ಬಗ್ಗೆ ಬರೆದು ತಂದರೆ, ಓದುವ ಮೊದಲೇ 'ಬಾಗಿಲು ಯಾವ ದಿಕ್ಕಿಗಿದೆ?' ಎಂದು ಕೇಳುವರು. ತಡವರಿಸಿದರೆ ಬರಹ ವಾಪಸ್. ಆಗ ನಮಗೆಲ್ಲ ಅದು ಬರೀ ಕಿರಿಕಿರಿ, ಹಿಂದಿನಿಂದ ನಗುತ್ತಿದ್ದೆವು. ಈಗ ನಿಮಗೂ ಅದನ್ನೇ ಕೇಳುತ್ತೇನೆ. ಅರ್ಧ ದಿನ ಅಲ್ಲೇ ಇದ್ದೆ ಅಂತೀರಲ್ಲ, ಮೇಲಿನ ಚರ್ಚಿನ ಮುಂಬಾಗಿಲು ಯಾವ ಕಡೆಗಿತ್ತು? ಪೂರ್ವಕ್ಕೆ. ಬಲಿಪೀಠ ಪಶ್ಚಿಮಕ್ಕೆ. ಮಧ್ಯಯುಗದ ಚರ್ಚುಗಳಲ್ಲಿ ಜಾಸ್ತಿ ಇದಕ್ಕೆ ಉಲ್ಟಾ ಇರುತ್ತದೆ. ಪೋಪರದೇ ಚರ್ಚಾದ ರೋಮಿನ ಸಂತ ಪೇತ್ರರ ಬೆಸಿಲಿಕಾ ಕೂಡ ಇದೇ ತರಹ. 1228ರಲ್ಲಿ ಇಲ್ಲಿ ಅಡಿಗಲ್ಲು ಹಾಕಿದ್ದೂ ಪೋಪ್ ಒಂಬತ್ತನೇ ಗ್ರೆಗರಿಯೇ. ಭಿಕ್ಷೆ ಬೇಡಿ ಬದುಕಿದ ಸಂತನ ಸಮಾಧಿಯ ಮೇಲೆ ಪೋಪರ ಚರ್ಚು! ನಿಮ್ಮ ಲೇಖನ ಇಲ್ಲಿಂದ ಶುರುವಾಗಬಹುದಿತ್ತು.

ಫ್ರಾನ್ಸಿಸರ ಬದುಕಿನ 28 ಚಿತ್ರಗಳನ್ನು ಜೊತ್ತೊನೇ ಬರೆದ ಅಂತ ಖಡಾಖಂಡಿತವಾಗಿ ಹೇಳಿದ್ದೀರಿ. ಆ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ, ಒಂದು ಸಾಲಿನಲ್ಲಿ ಅದನ್ನೂ ಹೇಳಿ. ಉಳಿದದ್ದು ಹಾಗೇ ಇರಲಿ. ಮೂರನೇ ಪುಟ ಪೂರ್ತಿ ಹೊಸದಾಗಿ ಬರೆದು ಕಳಿಸಿ, ಫೋಟೋ ಪಕ್ಕದಲ್ಲಿಟ್ಟುಕೊಂಡು.