ಗೆರೆಗೆ ಮೊದಲೇ ಜೀವವಿತ್ತು

ಪ್ರಿಯ ಬರಹಗಾರರೇ,

ಹಳೆಯ ವ್ಯಂಗ್ಯಚಿತ್ರಗಳಿಗೆ ಕೈಯಿಂದ ಬಣ್ಣ ಹಾಕುತ್ತಿದ್ದ ಕೆಲಸದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಓದಿಕೊಂಡು ಬರೆದಿದ್ದೀರಿ. ಆದರೆ ಎರಡನೇ ಪ್ಯಾರಾದ ಒಂದು ಸಾಲು ಎರಡು ದಿನ ತಲೆ ತಿಂದಿತು. ಸಿಟ್ಟೇ ಬಂತು ಅನ್ನಿ.

“ಗಿಲ್‌ರೇ ಅವರ ಮಾಂತ್ರಿಕ ಕುಂಚದಿಂದ ಹೊಮ್ಮಿದ ಬಣ್ಣಗಳು ನಿರ್ಜೀವ ಗೆರೆಗಳಿಗೆ ಜೀವ ತುಂಬಿದವು.”

ಮೊದಲು ಕುಂಚ. ಇನ್ನೂರು ವರ್ಷಗಳ ಹಿಂದಿನ ಇಂಗ್ಲಿಷ್ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ಅಚ್ಚು ಹಾಕುವ ತಾಮ್ರದ ತಗಡಿನ ಮೇಲೆ ಗೆರೆ ಕೊರೆದವರು. ಅಚ್ಚಾದ ಹಾಳೆಗಳನ್ನು ಮಾರುತ್ತಿದ್ದವರು ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಹನ್ನಾ ಹಂಫ್ರಿ. ಒಂದು ಚಿತ್ರ ಗೆದ್ದರೆ ನೂರಾರು ಪ್ರತಿ ಬೇಕು. ಅಷ್ಟಕ್ಕೂ ಬಣ್ಣ ಹಾಕಿದ್ದು ಕೂಲಿಗೆ ಕೂತವರು. ಈ ಕಸುಬಿನಲ್ಲಿ ಆಗ ಹೆಂಗಸರು, ಮಕ್ಕಳೇ ಜಾಸ್ತಿ. ಎದುರಿಗೆ ಬಣ್ಣ ಹಾಕಿದ ಒಂದು ಮಾದರಿ ಹಾಳೆ. ಕೆಲವು ಕಡೆ ಒಬ್ಬರು ಕೆಂಪು ಹಾಕಿ ಪಕ್ಕಕ್ಕೆ ದಾಟಿಸಿದರೆ ಇನ್ನೊಬ್ಬರು ನೀಲಿ ಹಾಕುತ್ತಿದ್ದರು. ಹಾಳೆಯ ಮೇಲೆ ಅವರ ಹೆಸರಿಲ್ಲ. ಈಗ ನಿಮ್ಮ ಲೇಖನದಲ್ಲೂ ಇಲ್ಲ, ಅವರ ಕೈಯೂ ಇಲ್ಲ!

‘ಮಾಂತ್ರಿಕ’ ಅಂದಿರಿ. ಸರಸರ ಮುಗಿಸಬೇಕಾದ ಕೆಲಸ ಅದು. ಎಷ್ಟೋ ಪ್ರತಿಗಳಲ್ಲಿ ಕೋಟಿನ ಕೆಂಪು ಬಣ್ಣ ಗೆರೆ ದಾಟಿ ಹೊರಗೆ ಚೆಲ್ಲಿದೆ. ಅದನ್ನು ಬರೆದಿದ್ದರೆ ಆ ಅವಸರ ನನಗೂ ಕಾಣುತ್ತಿತ್ತು, ಅಲ್ವಾ?

ಇನ್ನು ‘ನಿರ್ಜೀವ ಗೆರೆ’. ಇದಕ್ಕೆ ಮಾಫಿ ಇಲ್ಲ. ಗಿಲ್‌ರೇ ಅವರ 1805ರ ಆ ಚಿತ್ರ ನೆನಪಿಸಿಕೊಳ್ಳಿ. ಊಟದ ಮೇಜಿನ ಮೇಲೆ ಭೂಗೋಳವೇ ಪುಡಿಂಗು. ಕಡ್ಡಿಯಂಥ ಬ್ರಿಟಿಷ್ ಪ್ರಧಾನಿ ಪಿಟ್ ಸಮುದ್ರ ಕೊಯ್ದುಕೊಳ್ಳುತ್ತಾರೆ, ಪುಟಾಣಿ ನೆಪೋಲಿಯನ್ ಯುರೋಪು. ಬಣ್ಣವೇ ಇಲ್ಲದಿದ್ದರೂ ನಗು ಬರುತ್ತದೆ. ಬಣ್ಣವಿಲ್ಲದ ಹಾಳೆಗಳೂ ಕಡಿಮೆ ಬೆಲೆಗೆ ಮಾರಾಟವಾಗುತ್ತಿದ್ದವು. ನೆರಳೆಲ್ಲ ಒತ್ತೊತ್ತು ಗೆರೆಗಳಲ್ಲೇ ಇದೆ. ಮೇಲೆ ತೆಳ್ಳಗೆ ನೀರುಬಣ್ಣ ಹರಡಿದರೆ ಮುಗಿಯಿತು.

ನಾನು ಇದನ್ನು ಕಲಿತದ್ದು ಒಂದು ಹಾಳೆ ಕೆಡಿಸಿ. ಪತ್ರಿಕೆಗೆ ಬರುವ ಮೊದಲು ಎರಡು ವರ್ಷ ಹಳೆ ಪ್ರಿಂಟು ರಿಪೇರಿ ಮಾಡುವ ಮೇಷ್ಟ್ರೊಬ್ಬರ ಹತ್ತಿರ ಇದ್ದೆ. ಬಣ್ಣ ಮುಟ್ಟುವ ಮೊದಲು ಅಂಚಿನಲ್ಲಿ ಒಂದು ಹನಿ ನೀರು ಇಡಬೇಕು. ಹನಿ ಗುಂಡಗೆ ನಿಂತರೆ ಕಾಗದದಲ್ಲಿ ಅಂಟಿನ ಲೇಪ ಉಳಿದಿದೆ ಅಂತ ಅರ್ಥ. ಕಾಗದ ಕುಡಿದು ಕಪ್ಪಾದರೆ ಕುಂಚ ಕೆಳಗಿಡಬೇಕು. ನಾನು ಸುಮ್ನೆ ಶುರು ಮಾಡಿಬಿಟ್ಟೆ. ಕೋಟಿನ ನೀಲಿ ಹರಿದು ಕೆನ್ನೆಗೆ ಹತ್ತಿತು. ಸಾಲದ್ದಕ್ಕೆ ತೋಳಿನ ಮಡಿಕೆಗಳಿಗೆ ನಾನೇ ಬೇರೆ ನೆರಳು ಕೊಟ್ಟಿದ್ದೆ. ಗೆರೆ ಮುಳುಗಿಹೋಯಿತು. ಮೇಷ್ಟ್ರು ಬೈಯಲಿಲ್ಲ. ಆ ಹಾಳೆಯನ್ನು ನನ್ನ ಮೇಜಿನ ಎದುರಿಗೇ ಮೊಳೆ ಹೊಡೆದು ತೂಗುಹಾಕಿದರು. ನಾನು ಬಿಡುವ ದಿನವೂ ಅದು ಅಲ್ಲೇ ಇತ್ತು.

ನಿಮ್ಮ ‘ಮಾಂತ್ರಿಕ’, ‘ನಿರ್ಜೀವ’ ನೋಡಿದಾಗ ಆ ತೋಳೇ ಕಣ್ಣಿಗೆ ಬಂತು.

ಕೊನೆಯಲ್ಲಿ ಒಂದೇ ಸಾಲಿನಲ್ಲಿ, ಹಸಿರು ಹಾಕಿದ ಜಾಗ ಹಾಳೆಯ ಹಿಂಬದಿಯಲ್ಲಿ ಕಂದು ಬಣ್ಣವಾಗಿ ಕಂಡಿತು ಎಂದು ಬರೆದಿದ್ದೀರಿ. ತಾಮ್ರದಿಂದ ಮಾಡಿದ ಹಸಿರು ಹಾಗೇ, ಕಾಗದವನ್ನು ನಿಧಾನಕ್ಕೆ ತಿನ್ನುತ್ತದೆ. ಇಡೀ ಲೇಖನದಲ್ಲಿ ನೀವೇ ಹಾಳೆ ತಿರುಗಿಸಿ ನೋಡಿದ ಸಾಲು ಅದೊಂದೇ. ಅಲ್ಲಿಂದ ಶುರು ಮಾಡಿ ಮತ್ತೆ ಕಳಿಸಿ. ಗಿಲ್‌ರೇ ಬೇಕಾದರೆ ಮೂರನೇ ಪ್ಯಾರಾದಲ್ಲಿ ಬರಲಿ.

ಇತಿ,
ಸಂಪಾದಕ