ಆಕ್ಷೇಪ ಶುರುವಾದ ದಿನ ಯಾವುದು?

ಬೆಂಗಳೂರಿನ ಓದುಗರೊಬ್ಬರು, ಹೆಸರು ಹಾಕಬಾರದೆಂಬ ಕೋರಿಕೆಯೊಂದಿಗೆ, ದೀರ್ಘ ಪತ್ರವೊಂದನ್ನು ಬರೆದಿದ್ದಾರೆ. ಅವರಿಗೆ ನಲವತ್ತೆರಡು ವರ್ಷ, ಪತ್ನಿ ಕಾಲೇಜಿನಲ್ಲಿ ಅಧ್ಯಾಪಕಿ, ಮಗನಿಗೆ ಏಳು ವರ್ಷ. ಶಾಲಾದಿನಗಳಲ್ಲಿ ಕೈಯಲ್ಲಿ ದುಡ್ಡಿಲ್ಲದೆ, ವಿಡಿಯೊ ಗೇಮ್ ಪಾರ್ಲರಿನಲ್ಲಿ ಬೇರೆಯವರು ಕಾರು ಓಡಿಸುವುದನ್ನು ನೋಡುತ್ತ ನಿಂತಿರುತ್ತಿದ್ದ ಇವರು, ಈಗ ಮನೆಯ ಚಿಕ್ಕ ಕೋಣೆಯಲ್ಲಿ ಅಂಥದೇ ಯಂತ್ರವನ್ನು ಸ್ವತಃ ಕಟ್ಟುತ್ತಿದ್ದಾರೆ. ನಿಂತು ಆಡುವ ಆಟಗಳಿಗೆ ಜಾಯ್‌ಸ್ಟಿಕ್ ಫಲಕ ಎದುರಿಗಿರುತ್ತದೆ. ಕಾರಿನ ಆಟ ಬೇಕೆಂದರೆ ಎರಡು ಲೀನಿಯರ್ ಆಕ್ಚುಯೇಟರ್‌ಗಳು, ಎಂದರೆ ಮೋಟಾರಿನಿಂದ ದಂಡವನ್ನು ನೇರವಾಗಿ ಹಿಂದೆ ಮುಂದೆ ಸರಿಸುವ ಸಾಧನಗಳು, ಪರದೆಯನ್ನೂ ಫಲಕವನ್ನೂ ಕುಳಿತವರ ಕಣ್ಣಿನ ಮಟ್ಟಕ್ಕೆ ಇಳಿಸುತ್ತವೆ, ಒಳಗಿದ್ದ ಸ್ಟೀರಿಂಗ್ ಮುಂದಕ್ಕೆ ಬರುತ್ತದೆ. ಕೆಲಸ ಮುಗಿಯಲು ಇನ್ನೂ ಕೆಲವು ತಿಂಗಳು ಮತ್ತು ನಲವತ್ತು ಸಾವಿರ ರೂಪಾಯಿ ಬೇಕು. ಪತ್ನಿ ಒಪ್ಪುತ್ತಿಲ್ಲ. ಕೋಣೆಯೂ ಹಣವೂ ಹಾಳಾಗುತ್ತಿವೆ ಎನ್ನುತ್ತಾರೆ. ಅವರನ್ನು ಒಪ್ಪಿಸುವುದು ಹೇಗೆ ಎಂಬುದು ಓದುಗರ ಪ್ರಶ್ನೆ.

ಸ್ವಾಮಿ, ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ಆವರಣ ಚಿಹ್ನೆಯೊಳಗೆ ಒಂದು ಮಾತಿದೆ. ‘ಯುಗಾದಿಯ ಮಾರನೇ ದಿನ ಮಗ ಮೆನುವಿನಲ್ಲಿ ಕಾರಿನ ಆಟ ಒತ್ತಿದಾಗ ಫಲಕ ಇಳಿಯತೊಡಗಿತು, ಅವನ ಕೈ ಅಡಿಯಲ್ಲಿತ್ತು, ನಾನು ತಕ್ಷಣ ಪ್ಲಗ್ ಕಿತ್ತೆ, ಏನೂ ಆಗಲಿಲ್ಲ, ಹುಷಾರಾಗಿರು ಎಂದು ಅವನಿಗೆ ಹೇಳಿದ್ದೇನೆ.’ ಪ್ಲೈವುಡ್ಡಿನ ದಪ್ಪಕ್ಕೆ, ಬಣ್ಣಕ್ಕೆ, ಸ್ಪೀಕರಿನ ಜಾಗಕ್ಕೆ ಪ್ಯಾರಾಗಟ್ಟಲೆ ಕೊಟ್ಟಿರುವ ನೀವು ಈ ಸಂಗತಿಗೆ ಒಂದೇ ಒಂದು ವಾಕ್ಯವನ್ನು ಕೊಟ್ಟಿದ್ದೀರಿ. ನನಗೆ ನಿಮ್ಮ ಪತ್ರವೆಂದರೆ ಆ ವಾಕ್ಯವೇ.

ಮನೆಯಲ್ಲಿ ಯಾರಾದರೂ ಬೇಡ ಎಂದಾಗ, ಏಕೆ ಬೇಡ ಎಂದು ಕೇಳುವ ಮೊದಲು ಯಾವಾಗಿನಿಂದ ಬೇಡ ಎಂದು ಕೇಳಬೇಕು ಎಂಬುದನ್ನು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಕಳೆದ ದಸರಾ ರಜೆಯಲ್ಲಿ ಪ್ಲೈವುಡ್ ತರಲು ನಿಮ್ಮ ಜೊತೆ ಬಂದವರು ನಿಮ್ಮ ಪತ್ನಿಯೇ. ಸಂಕ್ರಾಂತಿಯಲ್ಲಿ ಬದಿಯ ಹಲಗೆಗಳಿಗೆ ಬಣ್ಣ ಹಚ್ಚಲು ಕುಳಿತವರೂ ಅವರೇ. ಇದನ್ನೆಲ್ಲ ನೀವೇ ಬರೆದಿದ್ದೀರಿ. ಯುಗಾದಿಯ ನಂತರ ಅವರು ಆ ಕೋಣೆಗೆ ಕಾಲಿಟ್ಟಿಲ್ಲವೆಂದು ಬರೆದವರೂ ನೀವೇ. ಹಣದ ಮಾತನ್ನು ಆಡಲು ಸುಲಭ. ಮಗುವಿನ ಕೈಯನ್ನು ಕಂಡ ಭಯವನ್ನು, ಅದನ್ನು ‘ಏನೂ ಆಗಲಿಲ್ಲ’ ಎಂದು ಮುಗಿಸಿದ ಗಂಡನ ಎದುರು, ಮತ್ತೆ ಮತ್ತೆ ಆಡುವುದು ಕಷ್ಟ. ನನ್ನ ಸಹಾನುಭೂತಿಯಲ್ಲಿ ದೊಡ್ಡ ಪಾಲು ಅವರದು. ಉಳಿದದ್ದು ಆ ಹುಡುಗನದು, ಏಕೆಂದರೆ ಯಂತ್ರ ಮಾಡಿದ ತಪ್ಪಿಗೆ ಹುಷಾರಾಗಿರಬೇಕಾದ ಹೊಣೆ ಏಳು ವರ್ಷದವನ ಮೇಲೆ ಬಿದ್ದಿದೆ.

ಏನಾಗಬಹುದಿತ್ತು ಎಂಬುದನ್ನು ಸ್ಪಷ್ಟವಾಗಿ ಹೇಳುತ್ತೇನೆ. ನೀವು ಕೊಂಡಿರುವ ಆಕ್ಚುಯೇಟರ್ ಒಂದೊಂದೂ 1500 ನ್ಯೂಟನ್ ಬಲದ್ದು, ಎಂದರೆ ಸುಮಾರು 150 ಕಿಲೋ ಭಾರ ಎತ್ತಬಲ್ಲದ್ದು. ಅದರೊಳಗೆ ಮೋಟಾರು ಗೇರುಗಳ ಮೂಲಕ ಒಂದು ಸ್ಕ್ರೂ ದಂಡವನ್ನು ತಿರುಗಿಸುತ್ತದೆ. ಸೆಕೆಂಡಿಗೆ 10 ಮಿಲಿಮೀಟರ್ ಮಾತ್ರ ಚಲಿಸುವುದರಿಂದ ನೋಡುವವರಿಗೆ ನಿರಪಾಯವೆನಿಸುತ್ತದೆ, ಆದರೆ ಆ ನಿಧಾನಕ್ಕೆ ಕಾರಣವಾದ ಗೇರುಗಳೇ ಅದಕ್ಕೆ ಅಷ್ಟು ಬಲವನ್ನೂ ಕೊಡುತ್ತವೆ. ಒಳಗೆ, ದಂಡ ತುದಿ ಮುಟ್ಟಿದಾಗ ಮೋಟಾರನ್ನು ನಿಲ್ಲಿಸುವ ಲಿಮಿಟ್ ಸ್ವಿಚ್ ಇದೆ ಎಂದು ನೀವು ಧೈರ್ಯವಾಗಿದ್ದೀರಿ. ಲಿಮಿಟ್ ಸ್ವಿಚ್ಚಿಗೆ ಗೊತ್ತಿರುವುದು ದಂಡದ ಚಲನೆಯ ಎರಡು ತುದಿಗಳು ಮಾತ್ರ. ನಡುದಾರಿಯಲ್ಲಿ ಒಂದು ಕೈ ಇದೆಯೆಂಬುದು ಅದಕ್ಕೆ ತಿಳಿಯದು. ಇನ್ನು ಪ್ಲಗ್ ಕಿತ್ತ ವಿಷಯ. ಇಂಥ ಸ್ಕ್ರೂ ದಂಡಗಳು ವಿದ್ಯುತ್ ಹೋದಾಗ ಇದ್ದಲ್ಲಿಯೇ ಬಿಗಿದು ನಿಲ್ಲುತ್ತವೆ. ನಿಮ್ಮ ಪರದೆ ಜಾರದೆ ನಿಲ್ಲುವುದು ಆ ಗುಣದಿಂದಲೇ. ಆದ್ದರಿಂದ ಕೈ ಸಿಕ್ಕಿಕೊಂಡ ಮೇಲೆ ಪ್ಲಗ್ ಕಿತ್ತರೆ ಯಂತ್ರ ನಿಲ್ಲುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಬಿಡಿಸಲು ಮತ್ತೆ ವಿದ್ಯುತ್ ಕೊಟ್ಟು ಹಿಂದಕ್ಕೆ ಓಡಿಸಬೇಕು. ಅಂದು ನಿಮ್ಮ ಮೆನುವಿನಲ್ಲಿ ಹಿಂದಕ್ಕೆ ಓಡಿಸುವ ಗುಂಡಿ ಎಲ್ಲಿತ್ತು?

ಮೆನುವಿನಲ್ಲಿ ಆಟ ಆಯ್ದ ಕೂಡಲೇ ಯಂತ್ರ ತಾನಾಗಿ ರೂಪ ಬದಲಿಸಬೇಕೆಂಬ ಯೋಚನೆ ನಿಮ್ಮ ಗೆಳೆಯನದು ಎಂದು ಬರೆದಿದ್ದೀರಿ. ಪುಣೆಯಲ್ಲಿ ಕುಳಿತು ವಿಡಿಯೊ ಕರೆಯಲ್ಲಿ ಸಲಹೆ ಕೊಡುವ ಈ ಮಹಾಶಯರ ಮೇಲೆ ನನಗೆ ನಿಜವಾದ ಸಿಟ್ಟಿದೆ. ಒಂದೇ ಯಂತ್ರದಲ್ಲಿ ಎಲ್ಲ ಹಳೆಯ ಆಟಗಳೂ ಮೂಲದಂತೆಯೇ ಬರಬೇಕೆಂಬ ಹಟ ಅವರದು. ಕಾರಿನ ಆಟಗಳನ್ನೇ ನೋಡಿ: 1982ರ ‘ಪೋಲ್ ಪೊಸಿಶನ್’ನ ಸ್ಟೀರಿಂಗ್ ಚಕ್ರ ತಡೆಯಿಲ್ಲದೆ ಸುತ್ತುತ್ತಲೇ ಇರುತ್ತದೆ, ಸೆಗಾ ಕಂಪನಿಯ 1986ರ ‘ಔಟ್‌ರನ್’ನ ಚಕ್ರ ಎರಡೂ ಬದಿಗೆ ಸ್ವಲ್ಪ ತಿರುಗಿ ನಿಲ್ಲುತ್ತದೆ, ಗೇರು ಎರಡೇ, ಅಟಾರಿಯ 1989ರ ‘ಹಾರ್ಡ್ ಡ್ರೈವಿನ್’ಗೆ ಹಲವು ಸುತ್ತು ತಿರುಗುವ ಚಕ್ರ, ಕ್ಲಚ್ ಸೇರಿ ಮೂರು ಪೆಡಲ್, ನಾಲ್ಕು ಗೇರು ಬೇಕು. ಈ ಮೂರಕ್ಕೂ ಮೂರು ಚಕ್ರಗಳು, ಅವನ್ನು ಬದಲಿಸಲು ಇನ್ನೊಂದು ಮೋಟಾರು! ನೀವು ಕೇಳುತ್ತಿರುವ ನಲವತ್ತು ಸಾವಿರದ ಬಹುಪಾಲು ಇಲ್ಲಿಗೇ ಹೋಗುತ್ತದೆ. ನಿಮ್ಮಲ್ಲಿ ಈಗಾಗಲೇ ಇರುವ 900 ಡಿಗ್ರಿಯ ಚಕ್ರದ ತಿರುವನ್ನು ಸಾಫ್ಟ್‌ವೇರಿನಲ್ಲಿ ಆಟಕ್ಕೆ ತಕ್ಕಂತೆ ಮಿತಗೊಳಿಸಿದರೆ ಮನೆಯ ಆಟಕ್ಕೆ ಅಷ್ಟು ಸಾಕು. ತನ್ನ ಹಣ, ತನ್ನ ಕೋಣೆ, ತನ್ನ ಮಗು ಯಾವುದೂ ಇಲ್ಲದ ಕಡೆ ಸಲಹೆ ಕೊಡುವವರ ಉತ್ಸಾಹಕ್ಕೆ ಕೊನೆಯಿರುವುದಿಲ್ಲ ಎಂಬುದನ್ನೂ ಹಿಂದೆ ಬರೆದಿದ್ದೇನೆ. ಮೂರು ಚಕ್ರಗಳ ಯೋಜನೆಯನ್ನು ಬಿಟ್ಟುಬಿಡಿ.

ನಿಮ್ಮ ಆಸೆಯ ಬಗ್ಗೆ ನನಗೆ ತಕರಾರಿಲ್ಲ. ‘ಔಟ್‌ರನ್’ನ ದೊಡ್ಡ ಕ್ಯಾಬಿನೆಟ್ಟನ್ನೂ ಮೋಟಾರುಗಳೇ ಅಲುಗಾಡಿಸುತ್ತಿದ್ದವು, ತಿರುವಿನಲ್ಲಿ ಆಸನ ಸಮೇತ ವಾಲುವ ಆ ಅನುಭವವನ್ನು ಹೊರಗಿನಿಂದ ನೋಡಿದ ಹುಡುಗನಿಗೆ ಅದು ಮನಸ್ಸಿನಲ್ಲಿ ಉಳಿಯುವುದು ಸಹಜ. ಇಂಥದನ್ನು ಸ್ವಂತ ಕೈಯಿಂದ ಕಟ್ಟುವುದು ಸಣ್ಣ ಕೆಲಸವೂ ಅಲ್ಲ. ಆದರೆ ಅದು ಸಾರ್ವಜನಿಕ ಜಾಗದ ಯಂತ್ರವಾಗಿತ್ತು, ನಿಮ್ಮದು ಮಗು ಒಂಟಿಯಾಗಿ ಓಡಾಡುವ ಮನೆಯೊಳಗಿದೆ.

ಆದ್ದರಿಂದ ನನ್ನ ಸೂಚನೆ ಒಂದೇ. ಯಂತ್ರ ಇನ್ನು ಮುಂದೆ ಮೆನುವಿನ ಆಜ್ಞೆಯಿಂದ ಚಲಿಸಕೂಡದು. ದೊಡ್ಡವರೊಬ್ಬರು ಎದುರಿಗೆ ನಿಂತು, ಗುಂಡಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಚಲಿಸಬೇಕು. ಕಾರಿನ ಕಿಟಕಿಯ ಗಾಜು ಏರಿಸುವ ಸಾಮಾನ್ಯ ಸ್ವಿಚ್ ಇದೇ ಕೆಲಸ ಮಾಡುತ್ತದೆ: ಒಂದು ಕಡೆ ಒತ್ತಿದರೆ ಮೇಲೆ, ಇನ್ನೊಂದು ಕಡೆ ಒತ್ತಿದರೆ ಕೆಳಗೆ, ಬೆರಳು ತೆಗೆದರೆ ಅಲ್ಲೇ ನಿಲುಗಡೆ. ನಿಮ್ಮ ಆಕ್ಚುಯೇಟರ್‌ಗಳೂ 12 ವೋಲ್ಟಿನವೇ ಆದ್ದರಿಂದ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಹುಡುಕಿ. ಎರಡೂ ಮೋಟಾರುಗಳ ಒಟ್ಟು ಆಂಪಿಯರ್ ತಾಳುವಂಥದನ್ನು ಕೇಳಿ ತನ್ನಿ. ಅದರ ಜೊತೆಗೆ ಬೀಗದಕೈ ಹಾಕಿ ತಿರುಗಿಸುವ ಸ್ವಿಚ್ಚೊಂದು ಇರಲಿ. ಬೀಗದಕೈ ನಿಮ್ಮ ಪತ್ನಿಯ ಬಳಿ ಇರಲಿ. ಫಲಕದ ಸಂದು ಪೂರ್ತಿ ಕಾಣುವ ಬದಿಯಲ್ಲಿ, ಮಗನ ಕೈಗೆ ಎಟುಕದ ಎತ್ತರದಲ್ಲಿ ಈ ಎರಡೂ ಸ್ವಿಚ್ಚುಗಳನ್ನು ಕೂರಿಸಿ. ಆಕ್ಚುಯೇಟರ್ ಫಲಕಕ್ಕೆ ಸೇರುವ ಕಡೆ ದುಂಡು ತೂತಿನ ಬದಲು ಉದ್ದನೆಯ ಸೀಳು ಕೊಟ್ಟರೆ ಇನ್ನೂ ಉತ್ತಮ: ಆಗ ಏರುವಾಗ ಮಾತ್ರ ದಂಡ ತಳ್ಳುತ್ತದೆ, ಇಳಿಯುವಾಗ ಏನಾದರೂ ಅಡ್ಡ ಬಂದರೆ, ಸೀಳಿನ ಉದ್ದದಷ್ಟು ದೂರ ದಂಡ ಇಳಿಯುತ್ತಿದ್ದರೂ ಫಲಕ ತನ್ನ ಭಾರದಿಂದಷ್ಟೇ ಅದರ ಮೇಲೆ ಕೂರುತ್ತದೆ, ಮೋಟಾರಿನ ಬಲದಿಂದ ಅದುಮುವುದಿಲ್ಲ.

ಇದೆಲ್ಲ ಆಗುವವರೆಗೆ ಎರಡೂ ಆಕ್ಚುಯೇಟರ್‌ಗಳ ತಂತಿಗಳು ಕಳಚಿರಲಿ, ಇವತ್ತೇ. ಯಂತ್ರ ಕುಳಿತು ಆಡುವ ಸ್ಥಿತಿಯಲ್ಲಿಯೇ ನಿಂತಿರಲಿ. ಕಾರಿನ ಆಟ ಆಡಲು ಅದು ಚಲಿಸಬೇಕಾಗಿಯೇ ಇಲ್ಲ. ಆ ಹುಷಾರು ನಿನ್ನದಲ್ಲ, ನನ್ನದು ಎಂದು ಮಗನಿಗೆ ಹೇಳಿ, ನಿಮ್ಮ ಪತ್ನಿಗೆ ಕೇಳಿಸುವಂತೆ ಹೇಳಿ. ಕೋಣೆಯ ಮಾತು, ಹಣದ ಮಾತು ಅದಾದ ಮೇಲೆ.