ಅವಳು ಕೇಳಿದ್ದಕ್ಕೆ ಮೊದಲು ಉತ್ತರ ಕೊಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯಿಂದ ಬಂದ ಈ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಓದಿದಾಗಲೆಲ್ಲ ಹೊಟ್ಟೆ ಹಿಂಡಿದ ಹಾಗಾಗುತ್ತದೆ.

ಬರೆದವರಿಗೆ 30 ವರ್ಷ, ಮಂಗಳೂರಿನಲ್ಲಿ ಕೆಲಸ. ಕುಂಬಳೆಯ ಹುಡುಗಿಯ ಜೊತೆ ಎರಡು ವರ್ಷ ಒಂದೇ ಬಾಡಿಗೆ ಮನೆಯಲ್ಲಿದ್ದರು. ಮದುವೆ ಆಗಲಿಲ್ಲ. ಅವಳು ಬಸುರಿಯಾದಾಗ ಇವರು ಹೆದರಿ ನಾಲ್ಕು ತಿಂಗಳು ಫೋನ್ ಎತ್ತಲಿಲ್ಲ. ಅವಳು ತಾಯಿಮನೆಗೆ ಹೋಗಿ ಹೆತ್ತಳು. ಮಗುವಿಗೆ ಈಗ 14 ತಿಂಗಳು. "ಅಪ್ಪನಾಗಿ ನನ್ನ ಹಕ್ಕು ಬೇಕು. ಡಿಎನ್‌ಎ ಟೆಸ್ಟ್ ಮಾಡಿಸಿಬಿಡು, ಮಗುವಿನ ನಾಲ್ಕು ಕೂದಲು ತಂದರೆ ಸಾಕು ಅಂತ ಭಾವ ಹೇಳುತ್ತಿದ್ದಾರೆ. ಮಾಡಿಸಲಾ?" ಎಂದು ಕೇಳಿದ್ದಾರೆ.

ತಮ್ಮಾ, ನಿಮ್ಮ ಪತ್ರದ ಎರಡನೇ ಪುಟದಲ್ಲಿ, ಬಸ್ಸಿನ ಖರ್ಚಿನ ಮಾತಿನ ನಡುವೆ, ಒಂದು ಸಾಲು ಇದೆ. "ಮಗು ನಿನ್ನದಲ್ಲ ಅಂತ ಅವಳು ಒಮ್ಮೆಯೂ ಹೇಳಿಲ್ಲ. ಇಷ್ಟು ದಿನ ಎಲ್ಲಿದ್ದೆ ಅಂತ ಮಾತ್ರ ಕೇಳಿದಳು." ಇಷ್ಟು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಮಗು ನಿಮ್ಮದು ಅಂತ ತಾಯಿ ಒಪ್ಪಿದ್ದಾಳೆ, ನೀವೂ ಒಪ್ಪಿದ್ದೀರಿ. ಹಾಗಾದರೆ ಈ ಟೆಸ್ಟ್ ಯಾರಿಗೆ ಬೇಕು?

ನಿಮ್ಮ ಭಾವನಿಗೆ ಬೇಕು. ಅಡಿಕೆ ತೋಟದ ಪಾಲಿನ ಚಿಂತೆ ಅವರಿಗೆ ಅಂತ ನೀವೇ ಬರೆದಿದ್ದೀರಿ. ನನಗೆ ಅವರ ಮೇಲೆ ನಿಜಕ್ಕೂ ಸಿಟ್ಟು ಬಂದಿದೆ. ಎಳೆ ಮಗುವಿನ ತಲೆಯಿಂದ ಕದ್ದು ಕೂದಲು ತಾ ಅಂತ ಹೇಳುವವರು ಹಿರಿಯರಾ? ಅವರ ಹೆದರಿಕೆಗೂ ಆಧಾರ ಇಲ್ಲ. ನೀವಿಬ್ಬರೂ ಹಿಂದೂಗಳು. ಮದುವೆ ಇಲ್ಲದೆ ಹುಟ್ಟಿದ ಮಗುವಿಗೆ ಹಿಂದೂ ವಾರಸಾ ಕಾಯ್ದೆಯಲ್ಲಿ ಅಪ್ಪನ ಆಸ್ತಿ ತಾನಾಗಿ ಬರುವುದಿಲ್ಲ. ಇದು ಅನ್ಯಾಯ ಅಂತ ನಾನು ಮೊದಲಿಂದ ಹೇಳುತ್ತಾ ಬಂದಿದ್ದೇನೆ. ನಿಮ್ಮ ಪಾಲಿನದು ಮಗುವಿಗೆ ಸಿಗಬೇಕಾದರೆ ನೀವೇ ಉಯಿಲು ಬರೆಯಬೇಕು.

ಕದ್ದು ತಂದ ಕೂದಲು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಯಾರದ್ದು, ಯಾರ ಮುಂದೆ ತೆಗೆದದ್ದು ಎಂಬ ದಾಖಲೆ ಇರಬೇಕು. ಕೋರ್ಟ್ ಕೂಡ ಕೇಳಿದ ಕೂಡಲೇ ಟೆಸ್ಟಿಗೆ ಆದೇಶ ಕೊಡುವುದಿಲ್ಲ. ಸುಮ್ನೆ ರಕ್ತ ಪರೀಕ್ಷೆಗೆ ಕಳಿಸಬಾರದು ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಮುಂದೆ ಯಾರಾದರೂ ನಿಮ್ಮ ಪಿತೃತ್ವವನ್ನೇ ಅಲ್ಲಗಳೆದರೆ ಆಗ ಕೇಳಿ. ಕೋರ್ಟ್ ಒಪ್ಪಿದರೆ ಕೆನ್ನೆಯ ಒಳಗಿಂದ ಹತ್ತಿಯಲ್ಲಿ ಒರೆಸಿ ತೆಗೆದ ಸ್ಯಾಂಪಲ್ಲೇ ಸಾಕಾಗುತ್ತದೆ.

ಇನ್ನು ಹಕ್ಕು. 1956ರ ಹಿಂದೂ ಅಪ್ರಾಪ್ತರ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ ಪ್ರಕಾರ ಇಂಥ ಮಗುವಿಗೆ ಮೊದಲ ಪೋಷಕಿ ತಾಯಿ, ಆಮೇಲೆ ಅಪ್ಪ. ಮಕ್ಕಳು ತಾಯಿಯ ಕುಲಕ್ಕೆ ಸೇರುವ ಅಳಿಯಕಟ್ಟಿನ ಮನೆಗಳು ನಮ್ಮ ಊರಲ್ಲಿ ಎಷ್ಟಿಲ್ಲ? ನಿಮಗೆ ಇದು ಹೊಸದಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಅವಿವಾಹಿತ ತಾಯಿಯ ಕೇಸಿನಲ್ಲಿ, ಮಗುವಿನ ಬಗ್ಗೆ ಕಾಳಜಿಯನ್ನೇ ತೋರದ ಅಪ್ಪನಿಗೆ ಮಾನ್ಯತೆ ಕೊಟ್ಟು ಪ್ರಯೋಜನವಿಲ್ಲ ಎಂಬರ್ಥದ ಮಾತು ಹೇಳಿತು. ಹಾಗಂತ ಕಾನೂನು ಅಪ್ಪನಿಗೆ ಬಾಗಿಲು ಮುಚ್ಚಿಲ್ಲ. ಮದುವೆಯಾಗದ ಜೋಡಿಯ ಮಗುವನ್ನು ತಾಯಿಯೊಬ್ಬಳೇ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದ್ದ ಕೇಸೊಂದರಲ್ಲಿ ಕೇರಳ ಹೈಕೋರ್ಟ್ 2021ರಲ್ಲಿ ಹೆತ್ತ ಅಪ್ಪನ ಹಕ್ಕನ್ನೂ ಎತ್ತಿಹಿಡಿಯಿತು. ನೀವೂ ಫ್ಯಾಮಿಲಿ ಕೋರ್ಟಿಗೆ ಹೋಗಿ ಮಗುವನ್ನು ನೋಡಲು ಅವಕಾಶ ಕೇಳಬಹುದು. ಅಲ್ಲಿ ಎಲ್ಲಕ್ಕಿಂತ ಮೊದಲು ನೋಡುವುದು ಮಗುವಿನ ಹಿತ. ಈ 14 ತಿಂಗಳಲ್ಲಿ ಮಗುವಿಗೆ ಏನು ಮಾಡಿದಿರಿ ಅಂತ ಕೇಳಿದರೆ ಏನು ತೋರಿಸುತ್ತೀರಿ? ಆ ನಾಲ್ಕು ತಿಂಗಳು ನೀವು ಹೆದರಿದ್ದು ನನಗೆ ಅರ್ಥವಾಗುತ್ತದೆ. ಆದರೆ ಅವಳಿಗೆ ನಿಮಗಿಂತ ಜಾಸ್ತಿ ಹೆದರಿಕೆ ಇತ್ತು, ಅಲ್ವಾ?

ಬಾಯಿಮಾತು ಬೇಡ, ಕಾಗದದಲ್ಲಿ ಬರೆಯಿರಿ ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಇವತ್ತೂ ಅದೇ ಹೇಳುತ್ತೇನೆ. ಈ ಭಾನುವಾರದ ಒಳಗೆ ನಿಮ್ಮ ಕೈಯಾರೆ ಅವಳಿಗೊಂದು ಪತ್ರ ಬರೆಯಿರಿ. ಆ ನಾಲ್ಕು ತಿಂಗಳು ಎಲ್ಲಿದ್ದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ. ಮಗು ನನ್ನದು, ನೋಡಲು ಬಿಟ್ಟರೂ ಬಿಡದಿದ್ದರೂ ಪ್ರತಿ ತಿಂಗಳು ಇಷ್ಟು ಹಣ ಅದರ ಖರ್ಚಿಗೆ ಕಳಿಸುತ್ತೇನೆ ಅಂತ ಬರೆದು, ತಾರೀಕು ಹಾಕಿ, ಸಹಿ ಹಾಕಿ. ಈ ಪತ್ರ ನಾಳೆ ನಿಮ್ಮನ್ನು ಕಟ್ಟಿಹಾಕುತ್ತದೆ, ಅದು ಗೊತ್ತಿರಲಿ. ಮದುವೆ ಇಲ್ಲದೆ ಹುಟ್ಟಿದ ಮಗುವೂ ಅಪ್ಪನಿಂದ ಜೀವನಾಂಶ ಕೇಳಬಹುದು. ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಬಿಎನ್‌ಎಸ್‌ಎಸ್‌ನ 144ನೇ ಕಲಂನಲ್ಲಿ ಅದು ಸ್ಪಷ್ಟವಾಗಿದೆ. ಕಟ್ಟಿಹಾಕಿಕೊಳ್ಳಲು ಮನಸ್ಸಿಲ್ಲದಿದ್ದರೆ ಹಕ್ಕಿನ ಮಾತು ಬಿಟ್ಟುಬಿಡಿ.

ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಮೊದಲ ತಿಂಗಳ ಹಣ ಅದೇ ದಿನ ಅವಳ ಬ್ಯಾಂಕ್ ಖಾತೆಗೆ ಹೋಗಲಿ. ಭಾವನಿಗೆ ತೋರಿಸಬೇಡಿ.